ದ್ರೋಹಿಯೆನಿಸಿದ ಬಳ್ಳಿ

ಬಳ್ಳಿಯ ಮೇಲೂ ದ್ರೋಹದ ಆಪಾದನೆ ಹೊರಿಸಬಹುದೆಂದು ನಾನು ತಿಳಿದದ್ದು ಫ್ರಾನ್ಸಿನ ಇತಿಹಾಸದಿಂದ. 1395ರ ಜುಲೈ 31ರಂದು ಬರ್ಗಂಡಿಯ ಡ್ಯೂಕ್ ಧೀರ ಫಿಲಿಪ್, ಗಾಮೇ ಎಂಬ ದ್ರಾಕ್ಷಿಯನ್ನು ದ್ರೋಹಿಯೆಂದು ಜರೆದು, ಅದನ್ನು ಕಿತ್ತುಹಾಕುವಂತೆ ಆಜ್ಞೆ ಹೊರಡಿಸಿದ. ಅವನ ಒಲವು ಪಿನೋ ನ್ವಾರ್ ದ್ರಾಕ್ಷಿಯ ಮೇಲೆ. ಬರ್ಗಂಡಿಯ ಕೆಂಪು ವೈನಿನ ಕೀರ್ತಿ ಅದರದೇ. ಆದರೆ 1348ರ ಮಹಾಮಾರಿಯ ತರುವಾಯ ಕೂಲಿಯಾಳುಗಳೇ ಸಿಗದಾಗಿದ್ದ ನಾಡಿನಲ್ಲಿ, ಬೇಗ ಮಾಗಿ ಹೆಚ್ಚು ಫಸಲು ಕೊಡುವ ಗಾಮೇಯೇ ರೈತನ ಕೈಹಿಡಿದದ್ದು.

ಆಜ್ಞೆಯಿಂದ ಬಳ್ಳಿ ಅಳಿಯಲಿಲ್ಲ. ದಕ್ಷಿಣಕ್ಕಿರುವ ಬೋಜೊಲೆ ಸೀಮೆಯ ಗ್ರಾನೈಟ್ ಗುಡ್ಡಗಳು ಅದಕ್ಕೆ ಚೆನ್ನಾಗಿ ಒಗ್ಗಿದವು. ಅಲ್ಲಿಯ ಕೆಂಪು ವೈನು ಹಗುರ. ಒಗರು ಕಡಿಮೆ, ಹುಳಿ ತುಸು ಮುಂದು. ಆದುದರಿಂದಲೇ ಜಿಡ್ಡಿನ ತಿನಿಸಿಗೆ ಅದು ಒಳ್ಳೆಯ ಜೊತೆ. ನೆರೆಯ ಲಿಯಾನ್ ನಗರದ 'ಬುಶೋನ್' ಎಂಬ ಪುಟ್ಟ ಊಟದ ಮನೆಗಳಲ್ಲಿ ಹಂದಿಮಾಂಸದ ಸಾಸೇಜು, ಕೋಳಿ, ಚೀಸುಗಳೊಡನೆ ಅದನ್ನು ತುಸು ತಂಪಾಗಿಯೇ ಕುಡಿಯುತ್ತಾರೆ.

ಮೊರ್ಗಾನ್, ಫ್ಲೂರಿ ಮುಂತಾದ ಅಲ್ಲಿನ ಗ್ರಾಮಗಳ ವೈನಿಗೆ 1936ರಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಆಜ್ಞೆ ಹೊರಟು ಆಗ 541 ವರ್ಷ. ಕನ್ನಡ ಪಾಠ ಹೇಳುವ ನನಗೆ ಪಿನೋ ಮಾರ್ಗವಾಗಿಯೂ ಗಾಮೇ ದೇಸಿಯಾಗಿಯೂ ತೋರುತ್ತದೆ. ದೇಸಿಯನ್ನು ಅರಸನ ಆಸ್ಥಾನದಿಂದ ಹೊರಗಟ್ಟಬಹುದು. ಜನರ ಊಟದ ಮೇಜಿನಿಂದ ಎಬ್ಬಿಸುವುದು ಕಷ್ಟ.