ಸ್ಪೇಸ್ ಮತ್ತು ಏರ್ (ಲಂಡನ್ನಿನ ಕಲಾವಿದರ ಸಂಸ್ಥೆಗಳು)

ಸ್ಪೇಸ್ ಎಂಬುದು ದೃಶ್ಯಕಲಾವಿದರಿಗೆ ಕಡಿಮೆ ಬಾಡಿಗೆಯಲ್ಲಿ ಕೆಲಸದ ಜಾಗ ಒದಗಿಸಲು 1968ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ, ಲಾಭದ ಗುರಿಯಿಲ್ಲದ ಸಂಸ್ಥೆ. ಏರ್ ಅದರ ಸೋದರ ಸಂಸ್ಥೆ. ಕಲಾವಿದರ ಹಾಗೂ ಅವರ ಕೃತಿಗಳ ಮಾಹಿತಿಯನ್ನು ಒಂದೆಡೆ ಸಂಗ್ರಹಿಸಿ ಆಸಕ್ತರಿಗೆ ಒದಗಿಸುವುದು ಅದರ ಕೆಲಸವಾಗಿತ್ತು. ಚಿತ್ರಕಲಾವಿದರಾದ ಬ್ರಿಜೆಟ್ ರೈಲಿ ಮತ್ತು ಪೀಟರ್ ಸೆಜ್‌ಲಿ ಈ ಪ್ರಯತ್ನದ ಮುಖ್ಯ ಪ್ರೇರಕರು. ಕಲಾಪತ್ರಿಕೆಯ ಸಂಪಾದಕರಾಗಿದ್ದ ಪೀಟರ್ ಟೌನ್ಸೆಂಡ್ ಅವರೊಡನೆ ಕೈಜೋಡಿಸಿದ್ದರು. ಬ್ರಿಟನ್ನಿನಲ್ಲಿ ಕಲಾವಿದರಿಗೆ ಸಲಹೆ ಮತ್ತು ನೆರವು ನೀಡುವ ಇಂದಿನ ವ್ಯವಸ್ಥೆಯ ಬೇರುಗಳಲ್ಲಿ ಇವೂ ಸೇರಿವೆ.

ಹಿನ್ನೆಲೆ

ರೈಲಿಯವರು 1931ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಗೋಲ್ಡ್‌ಸ್ಮಿತ್ಸ್ ಕಾಲೇಜು ಮತ್ತು ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ವ್ಯಾಸಂಗ ಮಾಡಿ, ಕೆಲಕಾಲ ಜಾಹೀರಾತು ಸಂಸ್ಥೆಯೊಂದರಲ್ಲಿ ದುಡಿದರು. 1960ರ ದಶಕದ ಆರಂಭದಲ್ಲಿ ಅವರು ರಚಿಸಿದ ಕಪ್ಪು-ಬಿಳುಪಿನ ಚಿತ್ರಗಳು ನೋಡುವವರ ಕಣ್ಣಿಗೆ ಅಲುಗಾಡುವಂತೆ ತೋರುತ್ತಿದ್ದವು. ಈ ಶೈಲಿಗೆ ‘ಆಪ್ ಆರ್ಟ್’ ಎಂಬ ಹೆಸರು ಬಂದಿತು. ಸೆಜ್‌ಲಿಯವರು 1930ರಲ್ಲಿ ಅದೇ ನಗರದಲ್ಲಿ ಜನಿಸಿದವರು. ವಾಸ್ತುಶಿಲ್ಪದ ಕ್ಷೇತ್ರದಿಂದ ಚಿತ್ರಕಲೆಗೆ ಬಂದ ಅವರು ಒಂದರೊಳಗೊಂದು ಅಡಕವಾದ ವರ್ಣವೃತ್ತಗಳ ಚಿತ್ರಗಳಿಗೂ, ಮುಂದೆ ಬೆಳಕನ್ನೇ ಮಾಧ್ಯಮವಾಗಿಸಿಕೊಂಡ ಕೃತಿಗಳಿಗೂ ಹೆಸರಾದರು.

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಏರ್ಪಡಿಸಿದ ‘ದಿ ರೆಸ್ಪಾನ್ಸಿವ್ ಐ’ ಪ್ರದರ್ಶನದಲ್ಲಿ ರೈಲಿಯವರ ಕೃತಿಗಳು ಅಪಾರ ಜನಮನ್ನಣೆ ಗಳಿಸಿದವು. ಅವರ ‘ಕರೆಂಟ್’ ಎಂಬ ಚಿತ್ರ ಪ್ರದರ್ಶನದ ಸೂಚಿಪುಸ್ತಕದ ಮುಖಪುಟವಾಯಿತು. ಆದರೆ ಆ ಮನ್ನಣೆಯ ಜೊತೆಗೇ ಒಂದು ಕಹಿಯೂ ಬಂದಿತು. ಅವರ ವಿನ್ಯಾಸಗಳನ್ನು ಹೋಲುವ ಉಡುಪುಗಳು ನ್ಯೂಯಾರ್ಕಿನ ಅಂಗಡಿಗಳಲ್ಲಿ ಮಾರಾಟಕ್ಕೆ ನಿಂತಿದ್ದವು. ಅವರ ಕೃತಿಯೊಂದನ್ನು ಕೊಂಡಿದ್ದ ಉಡುಪು ತಯಾರಕರೊಬ್ಬರು ಆ ಚಿತ್ರವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದರು. ರೈಲಿಯವರು ಕಾನೂನಿನ ಮೊರೆ ಹೋಗಲು ಯತ್ನಿಸಿದರೂ ಫಲ ದೊರೆಯಲಿಲ್ಲ. ಕೃತಿಸ್ವಾಮ್ಯದ ಗುರುತಿಲ್ಲದೆ ಪ್ರಕಟವಾದ ಕೃತಿಗೆ ಅಂದಿನ ಅಮೆರಿಕದ ಕಾನೂನು ರಕ್ಷಣೆ ನೀಡುತ್ತಿರಲಿಲ್ಲ. ಸ್ಪೇಸ್ ಹುಟ್ಟಿಗೆ ಈ ಘಟನೆಯೇ ಕಾರಣವೆಂದು ಹೇಳುವುದು ಸರಿಯಾಗದು. ಆದರೂ ಹೆಸರು ಗಳಿಸಿದ ಕಲಾವಿದೆಯೂ ವ್ಯವಹಾರದ ಎದುರು ಎಷ್ಟು ಅಸಹಾಯಕಳಾಗಬಲ್ಲಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನ್ಯೂಯಾರ್ಕಿನಲ್ಲಿ ಅವರ ಗಮನ ಸೆಳೆದ ಮತ್ತೊಂದು ಸಂಗತಿಯೂ ಇತ್ತು. ಅಲ್ಲಿನ ಕಲಾವಿದರು ಪಾಳುಬಿದ್ದ ಕಾರ್ಖಾನೆ, ಗೋದಾಮುಗಳ ವಿಶಾಲ ಅಂತಸ್ತುಗಳನ್ನು ಕೆಲಸದ ಜಾಗಗಳನ್ನಾಗಿ ಮಾಡಿಕೊಂಡಿದ್ದರು. ಲಂಡನ್ನಿನಲ್ಲಾದರೋ ಕಲಾಶಾಲೆಯಿಂದ ಹೊರಬಂದ ಯುವಕ-ಯುವತಿಯರಿಗೆ ದೊಡ್ಡ ಚಿತ್ರವನ್ನೋ ಶಿಲ್ಪವನ್ನೋ ರಚಿಸಲು ತಕ್ಕ ಸ್ಥಳ ಸಿಗುವುದೇ ದುರ್ಲಭವಾಗಿತ್ತು.

ಸೇಂಟ್ ಕ್ಯಾಥರಿನ್ ಡಾಕ್ಸ್

ಲಂಡನ್ ಗೋಪುರದ ಪಕ್ಕದಲ್ಲಿರುವ ಸೇಂಟ್ ಕ್ಯಾಥರಿನ್ ಹಡಗುಕಟ್ಟೆಯನ್ನು ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್ ವಿನ್ಯಾಸಗೊಳಿಸಿದ್ದರು. 1828ರಲ್ಲಿ ತೆರೆದ ಈ ಕಟ್ಟೆ, ದೊಡ್ಡ ಹಡಗುಗಳಿಗೆ ಸಾಲದೆ 1968ರಲ್ಲಿ ಮುಚ್ಚಿತು. ಅಲ್ಲಿನ ಗೋದಾಮುಗಳು ಬರಿದಾಗಿ ಉಳಿದವು. ರೈಲಿ ಮತ್ತು ಸೆಜ್‌ಲಿ ನಗರಾಡಳಿತವಾದ ಗ್ರೇಟರ್ ಲಂಡನ್ ಕೌನ್ಸಿಲನ್ನು ಒಪ್ಪಿಸಿ, ಅವುಗಳನ್ನು ಅಲ್ಪಾವಧಿಗೆ ಪಡೆದು, ಕಲಾವಿದರಿಗೆ ಹಂಚಿದರು. ಅದೇ ವರ್ಷ ರೈಲಿಯವರು ವೆನಿಸ್ ಬಿಯೆನ್ನಾಲೆಯಲ್ಲಿ ಚಿತ್ರಕಲೆಯ ಅಂತರರಾಷ್ಟ್ರೀಯ ಬಹುಮಾನ ಗಳಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಕೀರ್ತಿಯ ಅಂಥ ಶಿಖರದಲ್ಲಿದ್ದಾಗ ಇತರರ ಬಾಡಿಗೆಯ ಚಿಂತೆಯನ್ನು ತಲೆಗೆ ಹಚ್ಚಿಕೊಂಡದ್ದು ಗಮನಾರ್ಹ.

‘ಸ್ಪೇಸ್’ ಎಂಬ ಇಂಗ್ಲಿಷ್ ಪದಕ್ಕೆ ಸ್ಥಳ, ಅವಕಾಶ ಎಂಬ ಅರ್ಥಗಳಿವೆ. ಆದರೆ ಇಲ್ಲಿ ಅದು ‘ಸ್ಪೇಸ್ ಪ್ರೊವಿಷನ್ ಆರ್ಟಿಸ್ಟಿಕ್ ಕಲ್ಚರಲ್ ಅಂಡ್ ಎಜುಕೇಷನಲ್’ ಎಂಬ ಉದ್ದ ಹೆಸರಿನ ಮೊದಲಕ್ಷರಗಳಿಂದಲೂ ಆದದ್ದು.

ಹಡಗುಕಟ್ಟೆಯ ವಾಸ ಹೆಚ್ಚು ಕಾಲ ನಡೆಯಲಿಲ್ಲ. ಪುನರ್ನಿರ್ಮಾಣ ಯೋಜನೆ ಬಂದಾಗ ಕಲಾವಿದರು ಜಾಗ ಬಿಡಬೇಕಾಯಿತು. ಅಷ್ಟರಲ್ಲಿ ಸಂಸ್ಥೆಯು ಪೂರ್ವ ಲಂಡನ್ನಿನ ಹ್ಯಾಕ್ನಿ ಪ್ರದೇಶದ ಮಾರ್ಟೆಲ್ಲೊ ಬೀದಿಯಲ್ಲಿ ನೆಲೆ ಕಂಡುಕೊಂಡಿತ್ತು. ಸೆಜ್‌ಲಿಯವರು 1971ರಲ್ಲಿ ಜರ್ಮನಿಯ ವಿದ್ಯಾರ್ಥಿವೇತನದ ಮೇಲೆ ಬರ್ಲಿನ್ನಿಗೆ ತೆರಳಿದರೂ ಕೆಲಸ ನಿಲ್ಲಲಿಲ್ಲ. ಹಳೆಯ ಕಟ್ಟಡವನ್ನು ಒಟ್ಟಾಗಿ ಗುತ್ತಿಗೆಗೆ ಹಿಡಿದು, ಕೋಣೆಗಳಾಗಿ ವಿಂಗಡಿಸಿ, ಕೈಗೆಟಕುವ ಬಾಡಿಗೆಗೆ ಕೊಡುವುದು ಅದರ ಪದ್ಧತಿ. ಒಬ್ಬೊಬ್ಬರೇ ಹೋದರೆ ಮಾಲೀಕರು ಕೊಡದ ಜಾಗವನ್ನು ಸಂಸ್ಥೆಯ ಹೆಸರಿನಲ್ಲಿ ಪಡೆಯಬಹುದೆಂಬುದೇ ಇದರ ಒಳಗುಟ್ಟು.

ಏರ್ ನೋಂದಣಿ

ಏರ್, ಅಂದರೆ ‘ಆರ್ಟ್ ಇನ್ಫರ್ಮೇಷನ್ ರಿಜಿಸ್ಟ್ರಿ’, ಹೆಚ್ಚಾಗಿ ಸೆಜ್‌ಲಿಯವರ ಕಲ್ಪನೆ. ಕಲಾವಿದರು ತಮ್ಮ ಕೃತಿಗಳ ಸ್ಲೈಡುಗಳನ್ನೂ ವಿವರಗಳನ್ನೂ ಇಲ್ಲಿ ನೋಂದಾಯಿಸಬಹುದಿತ್ತು. ಸಂಗ್ರಾಹಕರೋ ವಾಸ್ತುಶಿಲ್ಪಿಗಳೋ ಬಂದು ನೋಡಿ, ಮೆಚ್ಚಿದ ಕಲಾವಿದರನ್ನು ನೇರವಾಗಿ ಸಂಪರ್ಕಿಸಬಹುದಿತ್ತು. ಖಾಸಗಿ ಗ್ಯಾಲರಿಗಳ ಕೃಪೆ ದೊರೆಯದವರಿಗೆ ಇದೊಂದು ಬಾಗಿಲು. 1975ರಲ್ಲಿ ಆರಂಭವಾದ ಏರ್ ಗ್ಯಾಲರಿ 1989ರವರೆಗೆ ನಡೆಯಿತು.

ಕಾನೂನು ಸಲಹೆ

ಸ್ಥಳ ಮತ್ತು ಮಾಹಿತಿ ಒದಗಿದ ಬಳಿಕವೂ ಕಾನೂನಿನ ಅರಿವಿನ ಕೊರತೆ ಉಳಿದಿತ್ತು. ‘ಸ್ಟುಡಿಯೋ ಇಂಟರ್‌ನ್ಯಾಷನಲ್’ ಪತ್ರಿಕೆಯ ಸಂಪಾದಕತ್ವದಿಂದ ಹೊರಬಂದ ಟೌನ್ಸೆಂಡ್, 1976ರಲ್ಲಿ ಜ್ಯಾಕ್ ವೆಂಡ್ಲರ್ ಅವರೊಡನೆ ‘ಆರ್ಟ್ ಮಂತ್ಲಿ’ ಪತ್ರಿಕೆ ಆರಂಭಿಸಿದರು. ಅದರಲ್ಲಿ ಬ್ಯಾರಿಸ್ಟರ್ ಹೆನ್ರಿ ಲಿಡಿಯೇಟ್ ‘ಆರ್ಟ್‌ಲಾ’ ಎಂಬ ಅಂಕಣ ಬರೆಯತೊಡಗಿದರು; ಅನಂತರ ಕಲಾವಿದರಿಗೆ ಕಾನೂನು ಸಲಹೆ ನೀಡುವ ಸೇವೆಯನ್ನೂ ಕಟ್ಟಿದರು. ಕಲಾವಿದರು ಎದುರಿಸುವ ಪ್ರಶ್ನೆಗಳು ಮೇಲ್ನೋಟಕ್ಕೆ ಸಣ್ಣವು, ಪರಿಣಾಮದಲ್ಲಿ ದೊಡ್ಡವು. ಮಾರಾಟಕ್ಕೆಂದು ಗ್ಯಾಲರಿಯಲ್ಲಿ ಇಟ್ಟ ಚಿತ್ರ, ಆ ಗ್ಯಾಲರಿ ದಿವಾಳಿಯಾದರೆ ಯಾರ ಸ್ವತ್ತು? ಕೊಂಡವರು ಚಿತ್ರವನ್ನು ಅಂಚೆಕಾರ್ಡಿನಲ್ಲಿ ಮುದ್ರಿಸಬಹುದೇ? ಬ್ರಿಟನ್ನಿನ ಕಾನೂನಿನಂತೆ, ಚಿತ್ರ ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಮಾರಿದಂತಾಗುವುದಿಲ್ಲ. ಅದನ್ನು ಬಿಟ್ಟುಕೊಡಲು ಸಹಿಯುಳ್ಳ ಲಿಖಿತ ಪತ್ರ ಬೇಕು. ಇಷ್ಟು ತಿಳಿಯದೆ ನಷ್ಟಕ್ಕೊಳಗಾಗುವ ಕಲಾವಿದರಿಗೆ ಇಂಥ ಸಲಹೆ ಅತ್ಯಗತ್ಯವಾಗಿತ್ತು.

ನಂತರದ ಬೆಳವಣಿಗೆ

ಜೊನಾಥನ್ ಹಾರ್ವಿ ಮತ್ತು ಡೇವಿಡ್ ಪ್ಯಾಂಟನ್ 1972ರಲ್ಲಿ ಆರಂಭಿಸಿದ ‘ಆಕ್ಮೆ’ ಸಂಸ್ಥೆಯು, ಕೆಡವಲು ಗೊತ್ತುಮಾಡಿದ್ದ ಮನೆಗಳನ್ನು ಪಡೆದು ಕಲಾವಿದರಿಗೆ ವಸತಿ ಒದಗಿಸಿತು. 1984ರಲ್ಲಿ ಕಲಾವಿದರ ಪರವಾಗಿ ಕೃತಿಸ್ವಾಮ್ಯದ ಸಂಭಾವನೆ ಸಂಗ್ರಹಿಸುವ ‘ಡ್ಯಾಕ್ಸ್’ ಹುಟ್ಟಿತು. ಚಿತ್ರವು ವ್ಯಾಪಾರಿಗಳ ಮೂಲಕ ಮರುಮಾರಾಟವಾದಾಗ ಕಲಾವಿದರಿಗೂ ಪಾಲು ನೀಡುವ ಹಕ್ಕು ಬ್ರಿಟನ್ನಿನಲ್ಲಿ 2006ರಲ್ಲಿ ಜಾರಿಗೆ ಬಂದಿತು. ಲಿಡಿಯೇಟರ ಆರ್ಟ್‌ಲಾ ಲೇಖನಗಳ ಸಂಗ್ರಹವನ್ನು ಲಂಡನ್ ಕಲಾ ವಿಶ್ವವಿದ್ಯಾಲಯದ ‘ಆರ್ಟ್‌ಕ್ವೆಸ್ಟ್’ ಸಲಹಾ ಸೇವೆಯು ಸಾರ್ವಜನಿಕರಿಗೆ ದೊರಕಿಸಿದೆ.

ಕಲಾವಿದರು ನೆಲೆಸಿದ ಬಡಾವಣೆಗಳಲ್ಲಿ ಕ್ರಮೇಣ ಬಾಡಿಗೆ ಏರಿ, ಕೊನೆಗೆ ಅವರೇ ಹೊರಬೀಳುವ ವಿಪರ್ಯಾಸವು ಪೂರ್ವ ಲಂಡನ್ನಿನಲ್ಲಿ ಮರುಕಳಿಸುತ್ತ ಬಂದಿದೆ. ಸ್ಪೇಸ್ ತನ್ನ ಮೊದಲ ನೆಲೆಯಲ್ಲೇ ಈ ಅನುಭವ ಕಂಡಿತ್ತು. ಸೇಂಟ್ ಕ್ಯಾಥರಿನ್ ಕಟ್ಟೆಯಲ್ಲಿ ಈಗ ವಿಹಾರನೌಕೆಗಳು ತಂಗುತ್ತವೆ. ಸುತ್ತಲೂ ಹೋಟೆಲು, ಕಚೇರಿ ಮತ್ತು ದುಬಾರಿ ವಸತಿಗಳಿವೆ.