ಮೋಟ್ಸಾರ್ಟ್‌ನ ಸ್ವರಲಿಪಿಯೂ ಶುದ್ಧಪಾಠದ ಶೋಧವೂ

ಪಾಶ್ಚಾತ್ಯ ಸಂಗೀತದ ಪರಿಚಯವೇ ಇಲ್ಲದವರ ಕಿವಿಗೂ ಬಿದ್ದಿರುವ ರಚನೆ ಮೋಟ್ಸಾರ್ಟ್‌ನ ‘ಟರ್ಕಿಶ್ ಮಾರ್ಚ್’. ದೂರವಾಣಿಯ ಕರೆಗಂಟೆಯಾಗಿಯೂ ಅದು ಎಷ್ಟೋ ಮನೆಗಳನ್ನು ಹೊಕ್ಕಿತು. ಕೆ. 331 ಎಂದು ಗುರುತಿಸಲಾಗುವ ಪಿಯಾನೋ ಸೊನಾಟಾದ ಕೊನೆಯ ಭಾಗವಿದು. ವಿಯೆನ್ನಾದ ಅರ್ತಾರಿಯಾ ಸಂಸ್ಥೆ 1784ರಲ್ಲಿ ಈ ಸೊನಾಟಾವನ್ನು ಮೊದಲು ಅಚ್ಚಿಗೆ ತಂದಿತು.

ಇಷ್ಟು ಪ್ರಸಿದ್ಧವಾದ ಕೃತಿಯ ಸ್ವಹಸ್ತಪ್ರತಿಯಲ್ಲಿ ಬಹುಕಾಲದವರೆಗೆ ವಿದ್ವಾಂಸರಿಗೆ ದೊರೆತಿದ್ದುದು ಸಾಲ್ಸ್‌ಬರ್ಗ್‌ನಲ್ಲಿದ್ದ ಕಡೆಯ ಹಾಳೆಯೊಂದೇ. 2014ರಲ್ಲಿ ಬುಡಾಪೆಸ್ಟ್‌ನ ಸೆಚೇನಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಾಲಾಜ್ ಮಿಕುಶಿ ಎಂಬ ವಿದ್ವಾಂಸರು ಇನ್ನೂ ನಾಲ್ಕು ಪುಟಗಳನ್ನು ಗುರುತಿಸಿದರು. ‘ಮಿನುಯೆಟ್’ ಎಂಬ ನಡುವಣ ಭಾಗದ ಕೆಲವು ಸ್ವರಗಳು ಅಚ್ಚಿನ ಪಾಠಕ್ಕಿಂತ ಭಿನ್ನವಾಗಿದ್ದವು. ಹಾಗೆಂದು ಅಚ್ಚಿನ ಪಾಠವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅದು ಹೊರಬಂದಾಗ ಮೋಟ್ಸಾರ್ಟ್ ಬದುಕಿದ್ದನು, ತಾನೇ ತಿದ್ದಿರಲೂಬಹುದು. ಓಲೆಗರಿಗಳ ಪಾಠಾಂತರಗಳನ್ನು ಬಲ್ಲವರಿಗೆ ಈ ತೊಡಕು ಹೊಸದೇನಲ್ಲ.

ಮೋಟ್ಸಾರ್ಟ್‌ನ ಸಮಗ್ರ ಕೃತಿಗಳ ಮೊದಲ ಸಂಪುಟಮಾಲೆಯನ್ನು ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಮತ್ತು ಹೆರ್ಟೆಲ್ ಸಂಸ್ಥೆ 1877ರಿಂದ ಪ್ರಕಟಿಸತೊಡಗಿತು. ಮೂಲಪ್ರತಿಗಳನ್ನು ಮತ್ತೆ ಪರಿಶೀಲಿಸಿದ ಹೊಸ ಮಾಲೆ 1955ರಿಂದ ಸಾಲ್ಸ್‌ಬರ್ಗ್‌ನ ಮೋಟ್ಸಾರ್ಟಿಯಮ್ ಪ್ರತಿಷ್ಠಾನದ ಆಶ್ರಯದಲ್ಲಿ, ಬೆರೆನ್‌ರೈಟರ್ ಪ್ರಕಾಶನದಿಂದ ಹೊರಬಂದಿತು. ಇದರ ಹಿರಿಮೆ ವಿದ್ವತ್ತಿನಲ್ಲಿರುವಷ್ಟೇ ಪ್ರಾಮಾಣಿಕತೆಯಲ್ಲಿಯೂ ಇದೆ. ಸಂಪಾದಕನು ಸೇರಿಸಿದ ಸ್ವರವು ಚಿಕ್ಕದಾಗಿ ಅಚ್ಚಾಗಿದೆ, ಅವನು ಸೇರಿಸಿದ ಅಕ್ಷರ ಓರೆಯಾಗಿದೆ, ಸ್ವರಗಳನ್ನು ಕೂಡಿಸುವ ಕಮಾನುಗೆರೆ ಅವನದಾದರೆ ತುಂಡುತುಂಡಾಗಿದೆ. ಮೋಟ್ಸಾರ್ಟ್‌ನ ಕೈ ಎಲ್ಲಿ ನಿಂತಿತು, ಸಂಪಾದಕನ ಊಹೆ ಎಲ್ಲಿ ಮೊದಲಾಯಿತು ಎಂಬುದು ಸಾಮಾನ್ಯ ಓದುಗನಿಗೂ ಕಣ್ಣಿಗೆ ಕಾಣುತ್ತದೆ. ಬಹುಶಃ ಇದಕ್ಕಿಂತ ದೊಡ್ಡ ಉಪಕಾರವನ್ನು ಸಂಪಾದಕನು ರಸಿಕನಿಗೆ ಮಾಡಲಾರನು.

ಎಲ್ಲ ಆಕರಗಳೂ ಕೈಗೆ ಸಿಗುತ್ತಿದ್ದವೆಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನಿಂದ ಸಾಗಿಸಿದ ಅನೇಕ ಹಸ್ತಪ್ರತಿಗಳು ಪೋಲೆಂಡಿನ ಕ್ರಾಕೋವ್ ಸೇರಿ, ದಶಕಗಳ ಕಾಲ ಕಣ್ಮರೆಯಾಗಿದ್ದವು. ‘ಫಿಗಾರೋನ ಮದುವೆ’ ಗೀತನಾಟಕದ ಕೊನೆಯ ಎರಡು ಅಂಕಗಳು ಅವುಗಳಲ್ಲಿ ಸೇರಿದ್ದವು. 1973ರ ಸಂಪುಟವನ್ನು ಅವುಗಳ ದರ್ಶನವಿಲ್ಲದೆಯೇ ಸಿದ್ಧಪಡಿಸಬೇಕಾಯಿತು. 1977ರಲ್ಲಿ ಪೋಲೆಂಡ್ ಕೆಲವನ್ನು ಪೂರ್ವ ಜರ್ಮನಿಗೆ ಹಿಂದಿರುಗಿಸಿತು. ‘ಜುಪಿಟರ್’ ಸಿಂಫನಿಯ ಮೂಲಪ್ರತಿ ಮರಳಿ ಬಂದದ್ದು ಆಗಲೇ.

ಇಂತಹ ಬೃಹತ್ ಸಂಪುಟಗಳು ಗ್ರಂಥಾಲಯದ ಕಪಾಟಿಗೇ ಮೀಸಲಾಗಿದ್ದವು. 2006ರ ಡಿಸೆಂಬರಿನಲ್ಲಿ ಮೋಟ್ಸಾರ್ಟಿಯಮ್ ಅವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು. ಸ್ವರಲಿಪಿ ಪೂರ್ತಿ ಅರ್ಥವಾಗದಿದ್ದರೂ ಕೇಳುತ್ತ ಕೇಳುತ್ತ ಗೆರೆಗಳ ಏರಿಳಿತವನ್ನು ಹಿಂಬಾಲಿಸಬಹುದು. ಒಂದು ಎಚ್ಚರ ಮಾತ್ರ ಬೇಕು: ಆ ಮಾಲೆಯ ಸೊನಾಟಾ ಸಂಪುಟ ಸಿದ್ಧವಾದುದು ಬುಡಾಪೆಸ್ಟಿನ ಪುಟಗಳು ದೊರೆಯುವ ಮುನ್ನ. ಮಿನುಯೆಟ್‌ನ ಆ ಸ್ವರಗಳನ್ನು ತಿಳಿಯಬಯಸುವವರು 2014ರ ತರುವಾಯದ ಆವೃತ್ತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.