ಗೆದ್ದಲು ಮತ್ತು ಓಲೆಗರಿ: ಬೆಂಗಳೂರಿನ ಹೊಸ ಮನೆಗಳಿಗೆ ಒಂದು ಹಳೆಯ ಪಾಠ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಸು. ಕ್ರಿ.ಶ. 981ರಲ್ಲಿ ಮಾಡಿಸಿದ ಗೊಮ್ಮಟಮೂರ್ತಿಯ ಕಾಲುಗಳ ಇಕ್ಕೆಲಗಳಲ್ಲಿ ಶಿಲ್ಪಿಯು ಹುತ್ತಗಳನ್ನು ಕಡೆದಿದ್ದಾನೆ. ನೋಡುವವರ ಕಣ್ಣು ಮೈಯನ್ನು ಹಬ್ಬಿದ ಮಾಧವೀಲತೆಯ ಮೇಲೂ ಹುತ್ತದಿಂದ ಹೊರಚಾಚಿದ ಹಾವುಗಳ ಮೇಲೂ ನಿಲ್ಲುತ್ತದೆ. ಹುತ್ತವನ್ನು ಕಟ್ಟಿದ ಜೀವಿಯನ್ನು ನೆನೆಯುವವರು ವಿರಳ. ಬಾಹುಬಲಿಯು ಎಷ್ಟು ದೀರ್ಘಕಾಲ ಅಲುಗದೆ ನಿಂತನೆಂಬುದನ್ನು ಹೇಳಲು ಶಿಲ್ಪಿಗೆ ಒದಗಿದ ಅಳತೆಗೋಲು ಗೆದ್ದಲು. ಅಲುಗಾಟವಿಲ್ಲದ ಕಡೆ ಅದು ಮನೆಮಾಡುತ್ತದೆ. ತಪಸ್ವಿಗೆ ಕೀರ್ತಿಯಾದ ಈ ನಿಶ್ಚಲತೆ ಗ್ರಂಥಕ್ಕೂ ಗೃಹಕ್ಕೂ ಕೇಡಾಗುವ ಬಗೆಯನ್ನು, ಆ ಕೇಡನ್ನು ನಮ್ಮ ಹಿಂದಿನವರು ಎದುರಿಸಿದ ರೀತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗೆದ್ದಲಿಗೆ ಕನ್ನಡದಲ್ಲಿ ಒರಲೆ ಎಂಬ ಇನ್ನೊಂದು ಹೆಸರೂ ಉಂಟು. ತೆಲುಗಿನ ಚೆದಲು, ತಮಿಳಿನ ಚಿದಲ್ ಎಂಬ ಪದಗಳು ಗೆದ್ದಲು ಎಂಬುದರ ಬಳಗದವು. ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣಿನಲ್ಲಿ ಹುತ್ತ ಕಟ್ಟುವ ಜಾತಿಗಳಲ್ಲಿ ಒಡೊಂಟೊಟರ್ಮಿಸ್ ವಾಲೊನೆನ್ಸಿಸ್ ಮತ್ತು ಒಡೊಂಟೊಟರ್ಮಿಸ್ ಒಬೆಸಸ್ ಮುಖ್ಯವಾದವು. ಇವು ನೆಲದೊಳಗೆ ಗೂಡು ಕಟ್ಟಿ, ತಂದ ಮರದ ಚೂರುಗಳ ಮೇಲೆ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಬೆಳಕನ್ನೂ ಒಣಗಾಳಿಯನ್ನೂ ಸಹಿಸಲಾರದೆ ಮಣ್ಣಿನ ಕೊಳವೆಗಳನ್ನು ಕಟ್ಟಿಕೊಂಡು ಅವುಗಳೊಳಗೆ ಸಂಚರಿಸುತ್ತವೆ. ತೇವವಿಲ್ಲದೆ ಇವಕ್ಕೆ ಬದುಕಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹುತ್ತವನ್ನು ಅಂತರ್ಜಲದ ಗುರುತಾಗಿ ಎಣಿಸಿರುವುದಕ್ಕೆ ಈ ಸ್ವಭಾವವೇ ಆಧಾರ. ಹನ್ನೊಂದನೆಯ ಶತಮಾನದಲ್ಲಿ, ಗೊಮ್ಮಟನನ್ನು ಮಾಡಿಸಿದವನಲ್ಲದ ಇನ್ನೊಬ್ಬ ಚಾವುಂಡರಾಯನು ಬರೆದ ಕನ್ನಡದ ಲೋಕೋಪಕಾರವೂ ನೆಲದೊಳಗಿನ ನೀರನ್ನು ಅರಸುವ ವಿದ್ಯೆಗೆ ಎಡೆಗೊಟ್ಟಿದೆ.

ಈ ನೆಲದ ಮೇಲೆ ಬೆಂಗಳೂರಿನ ಹೊರವಲಯ ಬೆಳೆದುದು ತೀರ ಈಚೆಗೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿವಸತಿಯಾಗಿ ಆರಂಭವಾಯಿತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅಲ್ಲಿಂದ ಅನತಿ ದೂರದ ಬೇಗೂರಿನಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸು. 890ರ ಶಾಸನವಿದೆ. ಕಲ್ಲಿನ ಮೇಲೆ ಬರೆದುದರಿಂದ ಆ ಮಾತು ಉಳಿಯಿತು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಓಲೆಯ ಮೇಲೆ ಏನನ್ನು ಬರೆದಿದ್ದರೆಂಬುದನ್ನು ಇಂದು ಯಾರೂ ಹೇಳಲಾರರು. ಹೊಲವನ್ನು ಸಮಮಾಡಿ ಮನೆ ಕಟ್ಟಿದಾಗ ಮೇಲಿನ ಹುತ್ತ ಅಳಿಯುತ್ತದೆ, ಕೆಳಗಿನ ಗೂಡು ಅಳಿಯಬೇಕೆಂದಿಲ್ಲ. ಅಗೆದು ತೆಗೆಯದ ಬೇರು, ಬುನಾದಿಯಲ್ಲಿ ಹೂತುಹೋದ ಸೆಂಟ್ರಿಂಗ್ ಹಲಗೆಯ ತುಂಡು ಅದಕ್ಕೆ ಮೊದಲ ಆಹಾರವಾಗಿ, ಬಾಗಿಲ ಚೌಕಟ್ಟು ಮುಂದಿನ ಆಹಾರವಾಗುತ್ತದೆ.

ಹಿಂದಿನ ಕಾಲದ ಗ್ರಂಥಪಾಲಕನಿಗೆ ಈ ಸಮಸ್ಯೆಯಲ್ಲಿ ಇನ್ನೊಂದು ತೊಡಕೂ ಇತ್ತು. ಜೈನಶಾಸ್ತ್ರವು ಗೆದ್ದಲನ್ನು ತ್ರೀಂದ್ರಿಯ ಜೀವಿಗಳಲ್ಲಿ ಎಣಿಸುತ್ತದೆ. ಶಾಸ್ತ್ರವನ್ನು ಕಾಯಲು ಜೀವಿಯನ್ನು ಕೊಲ್ಲುವುದೇ, ಜೀವಿಯನ್ನು ಕಾಯಲು ಶಾಸ್ತ್ರವನ್ನು ಬಿಟ್ಟುಕೊಡುವುದೇ ಎಂಬ ಇಕ್ಕಟ್ಟಿಗೆ ಸಂಪ್ರದಾಯವು ಎರಡು ಉತ್ತರಗಳನ್ನು ಕಂಡುಕೊಂಡಿತು. ಮೊದಲನೆಯದು ಶ್ರುತಪಂಚಮಿ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರೈಸಿದ ನೆನಪಿಗೆಂದು ಜ್ಯೇಷ್ಠ ಶುಕ್ಲ ಪಂಚಮಿಯಂದು ಕಟ್ಟುಗಳನ್ನು ಹೊರತೆಗೆದು, ಧೂಳು ಕೊಡವಿ, ಗಾಳಿಯಾಡಿಸಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸುವುದು ವಾಡಿಕೆ. ಮುಂಗಾರು ಕಾಲಿಡುವ ಹೊತ್ತು ಅದು. ಮೊದಲ ಮಳೆಯ ಬಳಿಕ ರೆಕ್ಕೆ ಮೂಡಿದ ಗೆದ್ದಲುಗಳು ಹೊಸ ನೆಲೆಯನ್ನರಸಿ ಗುಂಪಾಗಿ ಹಾರುವ ಕಾಲವೂ ಅದೇ. ಇದನ್ನು ಯೋಚಿಸಿಯೇ ತಿಥಿಯನ್ನು ಗೊತ್ತುಮಾಡಿದರೆಂದು ಹೇಳಲು ಆಧಾರವಿಲ್ಲ. ಆದರೆ ವರ್ಷಕ್ಕೊಮ್ಮೆ, ತಕ್ಕ ಹೊತ್ತಿನಲ್ಲಿ ನಡೆಯುವ ತಪಾಸಣೆಯಾಗಿ ಅದು ಫಲಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯ ಉತ್ತರ ಪ್ರತಿಮಾಡುವುದು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಇದನ್ನು ದಾನವೆಂದು ಕೊಂಡಾಡುತ್ತೇವೆ. ಇದು ಗ್ರಂಥರಕ್ಷಣೆಯ ಉಪಾಯವೂ ಹೌದು. ಸಾವಿರ ಊರುಗಳಲ್ಲಿರುವ ಕಾವ್ಯವನ್ನು ಯಾವ ಹುತ್ತವೂ ಒಮ್ಮೆಗೆ ನುಂಗಲಾರದು. ಇದಕ್ಕೆ ಇದಿರಾದ ನಿದರ್ಶನ ಮೂಡುಬಿದಿರೆಯ ಸಿದ್ಧಾಂತ ಬಸದಿಯದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಮತ್ತು ಅದರೊಡನಿದ್ದ ಸಿದ್ಧಾಂತಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಅಲ್ಲಿ ಮಾತ್ರ ಉಳಿದಿದ್ದವು. ಭಕ್ತರಿಗೆ ಅವು ದರ್ಶನದ ವಸ್ತುವಾಗಿದ್ದವು, ಓದಿನ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಕಾರ್ಯ ಮೊದಲಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಅಷ್ಟರಲ್ಲಿ ಆ ಕಟ್ಟುಗಳ ಕೆಲವು ಗರಿಗಳು ನಷ್ಟವಾಗಿದ್ದವು. ಭಕ್ತಿಯೂ ಒಮ್ಮೊಮ್ಮೆ ಗ್ರಂಥವನ್ನು ನಿಶ್ಚಲವಾಗಿಸುತ್ತದೆ.

ಇನ್ನು ಇಂದಿನ ಚಿಕಿತ್ಸೆ. ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಸಂಹಿತೆಯು ಮೂರು ಭಾಗಗಳಲ್ಲಿದೆ: ಕಟ್ಟಡದ ರಚನೆಯಲ್ಲಿಯೇ ವಹಿಸಬೇಕಾದ ಎಚ್ಚರ, ಕಟ್ಟುವ ಮುನ್ನ ಮಣ್ಣಿಗೆ ಔಷಧ, ಕಟ್ಟಿದ ಮನೆಗೆ ಔಷಧ. ವಾಸದ ಮನೆಯಲ್ಲಿ ಗೋಡೆಯೂ ನೆಲವೂ ಕೂಡುವಲ್ಲಿ ಸುಮಾರು 300 ಮಿಲಿಮೀಟರಿಗೊಂದರಂತೆ ರಂಧ್ರ ಕೊರೆದು ದ್ರಾವಣವನ್ನು ಹೊಗಿಸಿ ಮುಚ್ಚುತ್ತಾರೆ. ಹಿಂದೆ ಇದಕ್ಕೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಪಟ್ಟಿಯಲ್ಲಿಯೇ ಸೇರಿದವು. ಅವುಗಳ ಎಡೆಗೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಅದೇ ಪಟ್ಟಿಯನ್ನು ಸೇರಿತು. ಹೀಗೆ ಒಂದು ತಲೆಮಾರಿನ ವಿಷವನ್ನು ಮುಂದಿನ ತಲೆಮಾರು ಕೈಬಿಡುತ್ತ ಬಂದಿದೆ. ಕೈಬಿಡಲಾಗದೆ ಉಳಿದಿರುವುದು ತಪಾಸಣೆಯೊಂದೇ: ಗೋಡೆಯ ಮೇಲೆ ಮಣ್ಣಿನ ಗೆರೆ, ತಟ್ಟಿದರೆ ಟೊಳ್ಳು ಸದ್ದು ಮಾಡುವ ಮರ, ಕಿಟಕಿಯಡಿ ಉದುರಿದ ರೆಕ್ಕೆಗಳು, ಸೋರುವ ಕೊಳಾಯಿಯ ಹಿಂದಿನ ತೇವ.

ಈ ವಿಚಾರ ಸಾಹಿತ್ಯದ ವಿದ್ಯಾರ್ಥಿಗಳಿಗೆ ಏತಕ್ಕೆಂದು ಕೇಳಬಹುದು. ಹಳ್ಳಿಯ ಮನೆಯನ್ನು ಮುಚ್ಚಿ ಬಂದವರು ಹಿರಿಯರ ಓಲೆಕಟ್ಟುಗಳನ್ನೂ ಹಳೆಯ ಅಚ್ಚಿನ ಪುಸ್ತಕಗಳನ್ನೂ ತಂದು ವೈಟ್‌ಫೀಲ್ಡ್, ಪೀಣ್ಯಗಳ ಮನೆಗಳ ಅಟ್ಟದಲ್ಲಿಟ್ಟಿದ್ದಾರೆ. ಆ ಪೆಟ್ಟಿಗೆಗಳಲ್ಲಿ ಏನಿದೆಯೆಂಬುದು ಯಾವ ಸೂಚಿಯಲ್ಲಿಯೂ ದಾಖಲಾಗಿಲ್ಲ. ಬುನಾದಿಗೆ ಎರೆದ ಔಷಧವು ಗೋಡೆಯನ್ನು ಕೆಲವು ವರ್ಷ ಕಾಯಬಹುದು, ತೆರೆಯದ ಪೆಟ್ಟಿಗೆಯನ್ನು ಕಾಯಲಾರದು. ಬರುವ ಜ್ಯೇಷ್ಠದಲ್ಲಿ ಅದನ್ನು ಕೆಳಗಿಳಿಸಿ ಬಿಚ್ಚಿರಿ, ಗರಿಗಳನ್ನು ಎಣಿಸಿರಿ, ಬೆಳಕಿನಲ್ಲಿ ಒಂದೊಂದರ ಚಿತ್ರ ತೆಗೆದು ಇನ್ನೊಂದೆಡೆಯೂ ಇರಿಸಿರಿ. ಅತ್ತಿಮಬ್ಬೆ ಮಾಡಿದ್ದನ್ನು ನಾವು ಇಂದು ಒಂದು ಮಧ್ಯಾಹ್ನದಲ್ಲಿ ಮಾಡಬಹುದು.